ಕೊಡ ಮೂರು, ಹೊಂಡ ಒಂದು

ಗಜೇಂದ್ರಗಡ, ಸನ್ ೧೮೫೪

ತಾಲೂಕಿನ ದವಾಖಾನೆಗಳ ಮೇಲಧಿಕಾರಿಗಳಾದ ಮಾನ್ಯ ಸಾಹೇಬರೇ,

ನನಗೆ ಹೆದರಿಕೆಯಾಗಿದೆ. ನನ್ನ ಹೆಂಡತಿ ಶೇಖವ್ವ ತಮ್ಮ ದವಾಖಾನೆಯಲ್ಲಿ ಮಲಗಿದ್ದಾಳೆ. ಅವಳಿಗೆ ಕುಡಿಸುವ ನೀರಿನಲ್ಲೇ ಗಾಯದ ಬಟ್ಟೆ ಒಗೆಯುತ್ತಾರೆ. ಇಂದು ಮುಂಜಾನೆ ಕಣ್ಣಾರೆ ಕಂಡೆ. ಅರ್ಜಿ ಬರೆದು ತಮ್ಮ ಕಚೇರಿಯ ಕಪಾಟಿಗೆ ಸೇರಿಸುವಷ್ಟು ಪುರುಸೊತ್ತು ನನಗಿಲ್ಲ. ಅದಕ್ಕೇ ಈ ಕಾಗದವನ್ನು ಊರೆಲ್ಲ ಓದಲೆಂದು ಚಾವಡಿಯ ಬಾಗಿಲಿಗೆ ಹಚ್ಚಿಸುತ್ತಿದ್ದೇನೆ.

ಅವಳ ಕಾಲಿಗೆ ಜಾಲಿಮುಳ್ಳು ನಟ್ಟು ಕೀವಾಗಿತ್ತು. ರೋಣ, ನರಗುಂದದ ಮಂದಿಯೂ ಗಾಡಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರಲ್ಲ ಎಂದು ನಾನೂ ಒಯ್ದೆ. ಡಾಕ್ಟರರು ಕೊಯ್ದು ಕಟ್ಟಿದರು. ಗಾಯ ಮಾಯುತ್ತಿದೆ, ಸುಳ್ಳು ಹೇಳಲಾರೆ. ಆದರೆ ಪಕ್ಕದ ಚಾಪೆಯ ತಿಪ್ಪವ್ವ, ಕುರುವಿಗೆಂದು ಬಂದವಳು, ಭೇದಿ ಹತ್ತಿ ಸತ್ತಳು. ಕೈ ಮುರಿದು ಬಂದಿದ್ದ ಮುದುಕಿ ಮೈಮುನಬಿಯೂ ಅದೇ ಭೇದಿಯಿಂದ ಹೋದಳು. ಮುರಿದ ಕೈಯಿಂದ ಹೊಟ್ಟೆಗೆ ಯಾವ ದಾರಿಯಲ್ಲಿ ಇಳಿಯಿತು ಸಾಹೇಬರೇ, ಈ ರೋಗ?

ತಮ್ಮ ಬಂದೋಬಸ್ತು ಮೆಚ್ಚತಕ್ಕದ್ದೇ. ಪಡಸಾಲೆಯಲ್ಲಿ ಮೂರು ಕೊಡ: ನಮ್ಮ ಮಂದಿಗೊಂದು, ಮುಸಲ್ಮಾನರಿಗೊಂದು, ಊರ ಹೊರಗಿನವರಿಗೊಂದು. ತುಂಬುವವರೂ ಆಯಾ ಮಂದಿಯೇ. ಬಂದ ದಿನವೇ ನಮ್ಮ ಕೊಡವನ್ನು ಬೂದಿ ಹಚ್ಚಿ ತಿಕ್ಕಿಸಿದೆ; ಯಾರ ಕೈ ತಾಗಿತೆಂದು ನಾಲ್ಕು ಸಲ ವಿಚಾರಿಸಿದೆ. ನೀರು ಎಲ್ಲಿಯದೆಂದು ಒಂದು ಸಲವೂ ಕೇಳಲಿಲ್ಲ. ಇಂದು ನಮ್ಮ ಕೊಡ ತುಂಬುವ ಕಳಕವ್ವನ ಹಿಂದೆ ಹೋದೆ. ದವಾಖಾನೆಯ ಹಿತ್ತಿಲ ಹೊಂಡಕ್ಕೆ ಮೂರು ಕಡೆ ಮೆಟ್ಟಿಲು, ಮೂರು ಕಡೆಯೂ ಕೊಡ ತುಂಬುತ್ತಿದ್ದರು. ನಾಲ್ಕನೆಯ ದಂಡೆಯಲ್ಲಿ ಕೀವಿನ ಪಟ್ಟಿಗಳನ್ನೂ ಭೇದಿಯಾದವರ ಹಾಸಿಗೆಗಳನ್ನೂ ಜಾಲಾಡುತ್ತಿದ್ದರು.

"ಅಯ್ಯ ಕಳಕವ್ವಾ, ಇದ ನೀರೇನ ನಮಗ ಕುಡಿಸೂದು?" ಎಂದೆ.

"ಮೆಟ್ಟಲಾ ಬ್ಯಾರೆ ಬ್ಯಾರೆ ಅದಾವಲ್ರೀ ಅಣ್ಣಾರ," ಎಂದಳು ಪಾಪ, ನನ್ನನ್ನು ಸಮಾಧಾನ ಮಾಡುವವಳಂತೆ. "ಸಿಹಿನೀರಿನ ಬಾವಿ ಭಾಳ ದೂರ ಆತ್ರಿ. ಇರೂ ಒಂದ ಗಾಡಿ ಸಾಹೇಬರ ಕುದರಿಗೆ ನೀರ ಹೊರತೈತಿ."

ತಮ್ಮ ಕುದುರೆ ಸುಖವಾಗಿರಲಿ. ನಾನು ಓಡಿಹೋಗಿ ಮನೆಯಿಂದ ನೀರು ತಂದರೆ ದವಾಖಾನೆಯ ಕಾವಲಿನವರು ಬಾಗಿಲಲ್ಲೇ ತಡೆದರು. ಹೊರಗಿನ ನೀರಿನಿಂದ ರೋಗ ಒಳಗೆ ಬರುತ್ತದೆಂದು ತಮ್ಮ ಹುಕುಮು ಇದೆಯಂತೆ! ಹೆಂಡತಿಯನ್ನಾದರೂ ಕರೆದೊಯ್ಯುತ್ತೇನೆ ಎಂದೆ. ಒಳಗಿನ ರೋಗ ಊರಿಗೆ ಹಬ್ಬೀತು, ಬಿಡುವುದಿಲ್ಲ ಎಂದರು. ನಗಬೇಕೋ, ಹಣೆ ಹಣೆ ಬಡಿದುಕೊಳ್ಳಬೇಕೋ?

ಮೊನ್ನೆ ಶೇಖವ್ವ ತಂಬಿಗೆ ದೂಡಿ, "ನೀರ ನಾರತೈತ್ರಿ, ನಾ ಒಲ್ಲೆ," ಅಂದಿದ್ದಳು. "ನಮ್ಮ ಕೊಡದ್ದ ಐತಿ, ಸುಮ್ನ ಕುಡಿ," ಎಂದು ಗದರಿಸಿ ನಾನೇ ಕುಡಿಸಿದೆ. ಇಂದು ಮಧ್ಯಾಹ್ನದಿಂದ ಅವಳಿಗೂ ಭೇದಿ ಶುರುವಾಗಿದೆ. ನಿಂತಲ್ಲೇ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಬೇಕು.

ಹೊಸ ದವಾಖಾನೆ ಕಟ್ಟಿಸಿರೆಂದು ಕೇಳುವುದಿಲ್ಲ. ಆ ಹುಕುಮು ತೆಗೆಯಿರಿ. ಬಟ್ಟೆ ಒಗೆಯುವುದನ್ನು ಹೊಂಡದಿಂದ ದೂರ ಮಾಡಿಸಿರಿ. ಗಾಡಿಯನ್ನು ಸಿಹಿನೀರಿನ ಬಾವಿಗೆ ಕಳಿಸಿ ಮೂರೂ ಕೊಡ ತುಂಬಿಸಿರಿ. ನಾಳೆ ಅಲ್ಲ, ಇವತ್ತೇ. ಅವಳು ನೀರು ನೀರು ಎಂದು ಕೂಗುವುದು ಇಲ್ಲಿಗೆ ಕೇಳುತ್ತಿದೆ. ಒಳಗಿನವರು ಆ ಕೊಡದ್ದೇ ಕೊಡುತ್ತಿದ್ದಾರೆ.

ಇಂತಿ,
ತುಂಬಿದ ತಂಬಿಗೆ ಹಿಡಿದು ತಮ್ಮ ದವಾಖಾನೆಯ ಬಾಗಿಲ ಹೊರಗೆ ನಿಂತಿರುವ
ನೇಕಾರ ಅಂದಾನೆಪ್ಪ