ಹರಿದ ಅಂಗಿಯನ್ನು ಹೊಲಿದ ಅಪರಾಧ

ಮಾನ್ಯ ನೆರವು ಪರಿಶೀಲನಾಧಿಕಾರಿಗಳೇ,

ಅಂಗಿಯ ತೋಳಿನಲ್ಲಿದ್ದ ಹರಕನ್ನು ಹೊಲಿದ ತಪ್ಪಿಗೆ ತಾವು ನನ್ನ ಅಂಗವಿಕಲ ಭತ್ಯೆಯನ್ನು ನಿಲ್ಲಿಸಿದ್ದೀರಿ. ಆ ಅಂಗಿ ನನ್ನದಲ್ಲ ಎಂಬುದನ್ನು ಮೊದಲು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಅದು ನಮ್ಮ ಬೀದಿಯ ಅಂಗಿ. ಕಳೆದ ವರ್ಷ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಾಗ ತಮ್ಮ ಗುಮಾಸ್ತರು ಮೇಲಿಂದ ಕೆಳಗೆ ನೋಡಿ, "ನಿಮ್ಮನ್ನ ನೋಡಿದ್ರೆ ಕಷ್ಟದಲ್ಲಿರೋರ ಹಾಗೆ ಕಾಣಲ್ವಲ್ಲ" ಎಂದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ದರ್ಜಿ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಜೊತೆಗೆ ಮಾನವೂ ಬಿದ್ದುಹೋಗಬೇಕೆಂದು ನನಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಭತ್ಯೆ ಪಡೆಯುವವರನ್ನು ವಿಚಾರಿಸಿದರೆ ಎಲ್ಲರದೂ ಇದೇ ಕಥೆ. ಹಾಗಾಗಿ ಒಂದು ಹರಿದ ಅಂಗಿಯನ್ನು ಸಾರ್ವಜನಿಕ ಉಪಯೋಗಕ್ಕೆಂದು ಇಟ್ಟುಕೊಂಡೆವು. ತಮ್ಮ ಕಚೇರಿಗೆ ಬರುವ ಸರದಿ ಯಾರದೋ ಅವರು ಅದನ್ನು ತೊಡುತ್ತಾರೆ, ಒಗೆಯದೆ ಮುಂದಿನವರಿಗೆ ಕೊಡುತ್ತಾರೆ. ಒಂದೇ ಅಂಗಿ ಇಷ್ಟು ಜನರ ಮೈಮೇಲೆ ಬರುತ್ತಿರುವುದನ್ನು ತಾವು ಗಮನಿಸಿಲ್ಲ. ಅಂಗಿಯನ್ನಷ್ಟೇ ನೋಡುವವರು ಅದನ್ನಾದರೂ ಸರಿಯಾಗಿ ನೋಡಬೇಡವೇ?

ಈ ಸಲ ಸರದಿ ನನ್ನದು. ಬಾಯಿಬಿಟ್ಟುಕೊಂಡು ನೇತಾಡುವ ತೋಳನ್ನು ಎದುರಿಗಿಟ್ಟುಕೊಂಡು ದರ್ಜಿಯಾದವನು ಸುಮ್ಮನೆ ಕೂರುವುದು ಹೇಗೆ? ಬಟ್ಟೆಯನ್ನು ಮೊಣಕಾಲಿನಡಿ ಒತ್ತಿಕೊಂಡು ಎಡಗೈಯಲ್ಲಿ ಸೂಜಿ ಹಿಡಿದೆ. "ರೀ, ಅದು ಬೀದಿಯೋರ ಅಂಗಿ, ಕೈ ಸುಮ್ನಿಟ್ಕೊಳ್ಳಿ" ಎಂದಳು ಹೆಂಡತಿ. ಅವಳು ನನಗೆ ಮುಖ ಬಾಡಿಸುವುದನ್ನು ಕಲಿಸುತ್ತಿದ್ದಳು. ಮುಖ ಕಲಿಯಿತು, ಕೈ ಮಾತು ಕೇಳಲಿಲ್ಲ.

ಪರಿಶೀಲನೆಯ ದಿನ ತಾವು ಅಂಗಿಯ ತೋಳನ್ನು ಹಿಡಿದು ನೋಡಿ, "ಹೊಲಿಗೆ ಬಹಳ ಚೆನ್ನಾಗಿದೆ. ಯಾರು ಹಾಕಿದ್ದು?" ಎಂದಿರಿ. ತಮ್ಮ ಕಚೇರಿಯಲ್ಲಿ ಯಾರಾದರೂ ನನ್ನನ್ನು ಹೊಗಳಿದ್ದು ಅದೇ ಮೊದಲು. ಬಾಡಿಸಿಟ್ಟ ಮುಖ ಅರಳಿಹೋಯಿತು. "ನಾನೇ ಸಾರ್" ಎಂದುಬಿಟ್ಟೆ. "ಹಾಗಾದ್ರೆ ಕೈ ಸರಿಯಾಗಿದೆ" ಎಂದು ಬರೆದುಕೊಂಡಿರಿ. ಯಾವ ಕೈ ಎಂದು ಕೇಳಲಿಲ್ಲ.

ತಮ್ಮ ಭಾಷೆಯಲ್ಲಿ ನಾನು ಫಲಾನುಭವಿ. ಎದುರುಮನೆಯವರು "ಪುಣ್ಯವಂತ, ಕೂತಲ್ಲೇ ಊಟ" ಎನ್ನುವಾಗ ತಲೆ ತಗ್ಗಿಸುವುದೇ ಆ ಫಲವಾದರೆ, ಹೊಟ್ಟೆ ತುಂಬ ಅನುಭವಿಸಿದ್ದೇನೆ. ನಾಚಿಕೆಯಾಗುತ್ತದೆ, ಸುಳ್ಳೇಕೆ ಹೇಳಲಿ? ಆದರೂ ಬರುತ್ತೇನೆ, ಏಕೆಂದರೆ ಭತ್ಯೆಯಿಲ್ಲದೆ ನಮ್ಮ ಒಲೆ ಹೊತ್ತುವುದಿಲ್ಲ.

ಈಗ ಬೀದಿಯಲ್ಲೂ ಗಲಾಟೆ. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಪೇಂಟರ್ ಬಂದು, "ಸೋಮವಾರ ನನ್ನ ಸರದಿ. ಇಷ್ಟು ಚೆಂದದ ಅಂಗಿ ಹಾಕ್ಕೊಂಡು ಹೋದ್ರೆ ನನ್ನ ಕಥೆ ಮುಗೀತು. ಹೊಲಿಗೆ ಬಿಚ್ಚಿಕೊಡಣ್ಣ" ಎನ್ನುತ್ತಾನೆ. ನನ್ನ ಕತ್ತರಿ ಬಲಗೈಗೆಂದೇ ಮಾಡಿದ್ದು, ಎಡಗೈಗೆ ಒಗ್ಗುವುದಿಲ್ಲ. ಹೆಂಡತಿಗೆ ಹೇಳಿದರೆ ಅಂಗಿಯನ್ನು ಎದೆಗವಚಿಕೊಂಡು, "ಕೈ ಬಿದ್ಮೇಲೆ ನೀವು ಹಾಕಿದ ಮೊದಲ್ನೇ ಹೊಲಿಗೆ ಇದು. ನಾನಂತೂ ಬಿಚ್ಚಲ್ಲ" ಎಂದಳು.

ಆದ್ದರಿಂದ ಸೋಮವಾರಕ್ಕೆ ಮೊದಲು ತಾವೇ ನಮ್ಮ ಮನೆಗೆ ದಯಮಾಡಿಸಬೇಕು. ಕತ್ತರಿಯನ್ನು ನನ್ನ ಬಲಗೈಗೆ ಕೊಡಿ. ಅದು ಹೊಲಿಗೆಯನ್ನು ಕತ್ತರಿಸಿದರೆ ಭತ್ಯೆ ನಿಲ್ಲಿಸಿ, ನನ್ನ ತಕರಾರಿಲ್ಲ. ಕತ್ತರಿ ಜಾರಿ ಬಿದ್ದರೆ ತಾವು ಬಗ್ಗಿ ಎತ್ತಿಕೊಂಡು, ನನ್ನ ಹೆಂಡತಿಯ ಕೈಯಿಂದ ಅಂಗಿಯನ್ನು ಬಿಡಿಸಿಕೊಂಡು, ತಾವೇ ಹರಿಯಬೇಕು. ಅಷ್ಟು ಧೈರ್ಯವಿಲ್ಲದಿದ್ದರೆ ನನ್ನ ಭತ್ಯೆ ಮರಳಿ ಕೊಟ್ಟು, ಪೇಂಟರ್ ತನ್ನದೇ ಅಂಗಿ ತೊಟ್ಟು ಬರಬಹುದೆಂದು ಒಂದು ಮಾತು ಹೇಳಿಕಳಿಸಿ.

ಇಂತಿ,
ತಾವು ಮುಟ್ಟಿದ ಮಾತ್ರಕ್ಕೆ ವಾಸಿಯಾದ,
ಎಡಗೈ ದರ್ಜಿ