ಕೆಂಪು ಪೊಟ್ಯಾಷ್

ಕಟ್ಟೆಮಳಲವಾಡಿ
19-6-1997, ಗುರುವಾರ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಜೈಸಲ್ಮೇರಿನ ಬಿಸಿಲಿಗೆ ಬೆನ್ನೆಲ್ಲ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದಿರಿ. ಗಂಧ ತೇಯ್ದು ಹಚ್ಚಿಕೊಳ್ಳಲಿ ಎಂದು ಅತ್ತೆ ಮೂರು ಸಲ ಹೇಳಿದ್ದಾರೆ. ಗಡಿಯಲ್ಲಿ ಗಂಧದ ಕೊರಡು ಎಲ್ಲಿ ಸಿಗುತ್ತದೆ ಅತ್ತೆ ಎಂದರೆ ನನ್ನ ಮೇಲೇ ರೇಗುತ್ತಾರೆ. ನೀರನ್ನಾದರೂ ಜಾಸ್ತಿ ಕುಡಿಯಿರಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಾವನವರ ಮಂಡಿನೋವು ಮಳೆ ಹಿಡಿದ ಮೇಲೆ ಸ್ವಲ್ಪ ಜಾಸ್ತಿ, ಆದರೂ ಹೊಲಕ್ಕೆ ಹೋಗುವುದು ಬಿಟ್ಟಿಲ್ಲ. ನಿಮ್ಮ ಮಗಳು ಪುಟ್ಟಿ ಒಂದನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ಮೊದಲ ದಿನ ಒಂದು ಹನಿ ಕಣ್ಣೀರಿಲ್ಲ. ಎರಡನೇ ದಿನ ಚೀಲ ಹೆಗಲಿಗೆ ಹಾಕುತ್ತಿದ್ದ ಹಾಗೆ ಗೋಳೋ ಎಂದು ಶುರು ಮಾಡಿದಳು. ಯಾಕೆ ಮಗಾ ಎಂದರೆ, "ಇವತ್ತೂ ಓಗ್ಬೇಕಾ?" ಎನ್ನುತ್ತಾಳೆ. ಸ್ಕೂಲು ಒಂದೇ ದಿನದ್ದು ಎಂದುಕೊಂಡಿದ್ದಳಂತೆ ಪಾಪ.

ನಿಮ್ಮ ಕಾಗದ ಹೋದ ವಾರ ಬಂತು. ನಾನು ಪಿಯುಸಿಯ ಕೆಮಿಸ್ಟ್ರಿ ಪಾಸಾದದ್ದಕ್ಕೆ ಎರಡು ಸಾಲು ಸಂತೋಷ, ಬಿ.ಎಸ್ಸಿ.ಗೆ ಸೇರುವುದು ಈ ವರ್ಷ ಬೇಡ ಎನ್ನುವುದಕ್ಕೆ ಒಂದೂವರೆ ಪುಟ. ಅಪ್ಪ ಒಪ್ಪುವುದಿಲ್ಲ, ಹೊಗೆಸೊಪ್ಪಿನ ಕೆಲಸ ಇದೆ, ನಾನು ರಜೆಗೆ ಬಂದಾಗ ನೋಡೋಣ ಎಂದೆಲ್ಲ. ಓದಿ ಮಡಿಚಿಟ್ಟೆ. ರೀ, ಆರು ವರ್ಷದಿಂದ ಎಲ್ಲರೂ ನೋಡೋಣ ನೋಡೋಣ ಎನ್ನುತ್ತಲೇ ಇದ್ದೀರಿ, ನೋಡಿದವರು ಮಾತ್ರ ಯಾರೂ ಇಲ್ಲ. ಹುಣಸೂರಿನ ಕಾಲೇಜಿಗೆ ಅರ್ಜಿ ಕೊಡಲು ನಾಳೆಯೇ ಕೊನೆಯ ದಿನ. ಕೋಪ ಮಾಡಿಕೊಂಡು ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಸ್ವಲ್ಪ ಕೋಪ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಈ ಸೋಮವಾರ ನಮ್ಮ ಅಂಗಳದಲ್ಲಿ ನಡೆದದ್ದನ್ನು ನಿಮಗೆ ಹೇಳದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ಅದಕ್ಕೆ ಮೊದಲು ನಾನು ಫೇಲಾದ ಕಥೆ. ತೊಂಬತ್ತೊಂದರಲ್ಲಿ ಕೆಮಿಸ್ಟ್ರಿ ಹೋಯಿತು, ಆ ಬೇಸಿಗೆಯಲ್ಲೇ ಮದುವೆ ಆಯಿತು ಎನ್ನುವುದಷ್ಟೇ ನಿಮಗೆ ಗೊತ್ತು. ಹೇಗೆ ಹೋಯಿತು ಎಂದು ಯಾರಿಗೂ ಹೇಳಿರಲಿಲ್ಲ. ಆವರ್ತ ಕೋಷ್ಟಕದಲ್ಲಿ ಒಂದೇ ಅಡ್ಡಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪರಮಾಣುವಿನ ಗಾತ್ರ ಏನಾಗುತ್ತದೆ ಎಂದು ಕೇಳಿದ್ದರು. ಸೋಡಿಯಂಗೆ ಹನ್ನೊಂದು ಎಲೆಕ್ಟ್ರಾನ್, ಕ್ಲೋರಿನ್‌ಗೆ ಹದಿನೇಳು. ಎಲೆಕ್ಟ್ರಾನ್ ಹೆಚ್ಚಾದರೆ ಪರಮಾಣುವೂ ದೊಡ್ಡದಾಗಲೇಬೇಕಲ್ಲ ಎಂದು ಧೈರ್ಯವಾಗಿ ಎರಡು ಪುಟ ಬರೆದು ಬಂದೆ. ಪೂರ್ತಿ ಉಲ್ಟಾ. ಎಲೆಕ್ಟ್ರಾನ್ ಹೆಚ್ಚಾದ ಹಾಗೆಲ್ಲ ನಡುವಿನ ಬೀಜಕೇಂದ್ರದಲ್ಲಿ ಪ್ರೋಟಾನೂ ಹೆಚ್ಚುತ್ತದೆ. ಕವಚಗಳು ಅಷ್ಟೇ ಇರುತ್ತವೆ, ಎಳೆತ ಮಾತ್ರ ಬಿಗಿಯಾಗುತ್ತದೆ, ಪರಮಾಣು ಕುಗ್ಗುತ್ತದೆ. ಇದು ನನಗೆ ನಿಜವಾಗಿ ಅರ್ಥವಾದದ್ದು ಈ ಮನೆಗೆ ಬಂದ ಮೇಲೆ. ನಿಮ್ಮ ತಮ್ಮನ ಹೆಂಡತಿಯೂ ಬಂದು ಸೊಸೆಯಂದಿರು ಇಬ್ಬರಾದ ಮೇಲೆ ಅತ್ತೆಯ ಹಿಡಿತ ಸಡಿಲವಾಯಿತೋ ಬಿಗಿಯಾಯಿತೋ ನೀವೇ ಹೇಳಿ. ಅವರಿಗೆ ಈ ಸಾಲು ಓದಿ ಹೇಳುವುದಿಲ್ಲ. ಪರೀಕ್ಷೆಗೆ ಓದುವಾಗ ನನ್ನನ್ನು ಕಾಪಾಡಿದವರೂ ಅವರೇ ಎನ್ನುವುದನ್ನೂ ಬರೆಯಬೇಕು. ಅಡುಗೆಮನೆ ಬಾಗಿಲ ಹಿಂದೆ ಕೋಷ್ಟಕ ಅಂಟಿಸಿದ್ದೆ. "ಚೌಕಾಬಾರದ ಮನೆ ಇದ್ದಂಗದಲ್ಲವ್ವ" ಎಂದು ನಕ್ಕರು, ಆದರೆ ಮಾವ ಕಾಫಿಗೆ ಕೂಗಿದಾಗಲೆಲ್ಲ ತಾವೇ ಎದ್ದು ಹೋದರು.

ನೀವು ತಂದಿಟ್ಟ ಗ್ಯಾಸ್ ಒಲೆಯೂ ನನಗೆ ಒಬ್ಬ ಮೇಷ್ಟ್ರು. ಉಪ್ಪು ಹಾಕಿದ ಸಾರು ಉಕ್ಕಿ ಚೆಲ್ಲಿದರೆ ನೀಲಿ ಉರಿ ಇದ್ದಕ್ಕಿದ್ದಂತೆ ಹಳದಿಯಾಗುತ್ತದೆ, ನೋಡಿದ್ದೀರಾ? ಉಪ್ಪಿನಲ್ಲಿರುವ ಸೋಡಿಯಂನ ಹೊರಗಿನ ಎಲೆಕ್ಟ್ರಾನ್ ಬಿಸಿ ತಿಂದು ಮೇಲಿನ ಮೆಟ್ಟಿಲಿಗೆ ಹಾರುತ್ತದೆ, ಅಲ್ಲಿ ನಿಲ್ಲಲಾರದೆ ಕೆಳಗೆ ಬರುತ್ತದೆ, ಬರುವಾಗ ತಿಂದದ್ದನ್ನು ಹಳದಿ ಬೆಳಕಾಗಿ ಬಿಡುತ್ತದೆ. ಪುಟ್ಟಿಗೆ ತೋರಿಸೋಣವೆಂದು ಬೇಕೆಂದೇ ಎರಡು ಸಲ ಸಾರು ಉಕ್ಕಿಸಿ ಅತ್ತೆಯ ಕೈಯಲ್ಲಿ ಬೈಸಿಕೊಂಡಿದ್ದೇನೆ.

ಈಗ ಸೋಮವಾರದ ವಿಷಯ. ಈ ವರ್ಷ ಮಾವ ಅರ್ಧ ಎಕರೆ ಜಾಸ್ತಿ ಹೊಗೆಸೊಪ್ಪು ನಾಟಿ ಮಾಡಿಸಿದ್ದಾರೆ. ಎರಡನೇ ಗೊಬ್ಬರಕ್ಕೆ ಬಿಳಿ ಪೊಟ್ಯಾಷ್ ಸಾಲದೆ ಹೋಯಿತು. ಚುಂಚನಕಟ್ಟೆಯಲ್ಲಿ ನಿಮ್ಮ ಸೋದರತ್ತೆ ಬಸವಮ್ಮನವರ ಮನೆಯಲ್ಲಿ ಭತ್ತದ ಗದ್ದೆಗೆ ತಂದು ಉಳಿದಿದ್ದ ಕೆಂಪು ಪೊಟ್ಯಾಷ್ ಎರಡು ಮೂಟೆ ಇತ್ತಲ್ಲ, ಅದನ್ನು ಟೆಂಪೋದಲ್ಲಿ ತರಿಸಿಬಿಟ್ಟರು. ಬೆಳಿಗ್ಗೆ ಎಂಟಕ್ಕೆ ಆಳುಗಳು ಬಂದು ಮಂಕರಿ ಹಿಡಿದು ನಿಂತಿದ್ದಾರೆ. ಅವರಿಗೆ ತಿಂಡಿ ಕೊಡಲು ಹೊರಗೆ ಬಂದವಳು ಮೂಟೆಯ ಮೇಲಿನ ಇಂಗ್ಲಿಷ್ ಅಕ್ಷರ ಓದಿದೆ. ಮ್ಯುರಿಯೇಟ್. ಮ್ಯುರಿಯೇಟ್ ಎಂದರೆ ಕ್ಲೋರೈಡ್, ಅದು ನನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಹೊಗೆಸೊಪ್ಪಿಗೆ ಕ್ಲೋರಿನ್ ಆಗುವುದಿಲ್ಲ, ಸೊಪ್ಪು ಉರಿ ಹಿಡಿಯುವುದಿಲ್ಲ ಎಂದು ತಂಬಾಕು ಮಂಡಳಿಯವರು ಪ್ರತಿ ವರ್ಷ ಮೀಟಿಂಗಿನಲ್ಲಿ ಹೇಳುವುದನ್ನು ನೀವೂ ಕೇಳಿದ್ದೀರಿ. ಆದರೆ ಮಾವನವರಿಗೆ ಅದೆಲ್ಲ ದುಬಾರಿ ಮೂಟೆ ಮಾರುವವರ ನೆಪ.

ಬೇಡಿ ಮಾವ ಎಂದೆ. ಆಳುಗಳ ಮುಂದೆ ಸೊಸೆ ಬೇಡ ಎಂದರೆ ಹೇಗಿರುತ್ತದೆ! "ಪೊಟ್ಯಾಸು ಅಂದ್ರೆ ಪೊಟ್ಯಾಸೇ ಕಣವ್ವ. ಕೆಂಪ್ಗಿದ್ರೇನು, ಬೆಳ್ಳಗಿದ್ರೇನು? ನಲವತ್ ವರ್ಸ ಒಗೆಸೊಪ್ಪು ಬೆಳ್ದೋನ್ಗೆ ಯೋಳಕ್ ಬತ್ತೀಯಾ? ಒಳಕ್ ನಡಿ" ಎಂದರು. ನಾನು ಒಳಗೆ ಹೋಗಲಿಲ್ಲ ಕಣ್ರೀ. ಇಡೀ ವರ್ಷದ ಬೆಳೆ ಆ ಮಂಕರಿಗಳಲ್ಲಿತ್ತು. ಅಲ್ಲೇ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿದೆ. ಇದು ಪೊಟ್ಯಾಸಿಯಂ, ನಡುವೆ ಬೀಜಕೇಂದ್ರ, ಸುತ್ತ ನಾಲ್ಕು ಕವಚ, ಎರಡು, ಎಂಟು, ಎಂಟು, ಕೊನೆಯದರಲ್ಲಿ ಒಂದೇ ಒಂದು ಎಲೆಕ್ಟ್ರಾನ್. ಕೋಷ್ಟಕದಲ್ಲಿ ಇದು ಸೋಡಿಯಂನ ಕೆಳಗಿನ ಮನೆ. ಕೆಳಗೆ ಇಳಿದಂತೆ ಒಂದೊಂದು ಕವಚ ಹೆಚ್ಚುತ್ತದೆ, ಹೊರಗಿನ ಎಲೆಕ್ಟ್ರಾನ್ ದೂರವಾಗುತ್ತದೆ, ನಡುವಿನ ಹಿಡಿತ ಅದನ್ನು ತಲುಪುವುದು ಕಷ್ಟ. ಯಾರು ಕರೆದರೂ ಹೋಗುತ್ತದೆ. ಇದು ಕ್ಲೋರಿನ್, ಹೊರಗೆ ಏಳು ಇದೆ, ಎಂಟಕ್ಕೆ ಒಂದು ಕಡಿಮೆ, ಗಾತ್ರ ಸಣ್ಣದು, ಎಳೆತ ಜೋರು. ಆ ಒಂದನ್ನು ಕಸಿದುಕೊಂಡು ಪೊಟ್ಯಾಸಿಯಂ ಜೊತೆಗೇ ಮೂಟೆಗೆ ಬಂದು ಕೂತಿದೆ. ಮಳೆನೀರು ಬಿದ್ದರೆ ಎರಡೂ ಬೇರೆ ಬೇರೆಯಾಗುತ್ತವೆ, ಬೇರು ಎರಡನ್ನೂ ಕುಡಿಯುತ್ತದೆ. ನಮಗೆ ಬೇಕಾದದ್ದು ಪೊಟ್ಯಾಸಿಯಂ, ಬೇಡದ ನೆಂಟ ಕ್ಲೋರಿನ್. ಬಿಳಿ ಮೂಟೆಯಲ್ಲಿ ಆ ನೆಂಟನಿಲ್ಲ, ಗಂಧಕದಿಂದಾದ ಸಲ್ಫೇಟ್ ಇದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಪರೀಕ್ಷೆಯಲ್ಲೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ.

ಮಾವ ನಾನು ಗೀಚಿದ್ದನ್ನು ನೋಡಿದರು, ನನ್ನನ್ನು ನೋಡಿದರು. "ನೆಲದ್ ಮ್ಯಾಗೆ ಸೊನ್ನೆ ಬರುದ್ರೆ ನಂಬ್ಬುಡ್ಬೇಕಾ?" ಎಂದರು. ಅದೂ ಸರಿಯಾದ ಮಾತೇ. ಆಗ ನನಗೆ ಪಕ್ಕದ ಹೊಲದ ಚಿಕ್ಕಮಾದಣ್ಣ ನೆನಪಾದರು. ಹೋದ ವರ್ಷ ಅವರು ಒಂದು ತುಂಡು ಹೊಲಕ್ಕೆ ಕೆಂಪು ಪೊಟ್ಯಾಷ್ ಹಾಕಿದ್ದರು, ಆ ಸೊಪ್ಪು ಮಾರಾಟವಾಗದೆ ಇನ್ನೂ ಅಟ್ಟದ ಮೇಲಿತ್ತು. ಅದರಲ್ಲಿ ಒಂದು ಎಲೆಗೆ ಹೇಳಿಕಳಿಸಿದೆ, ಅವರೇ ಹಿಡಿದು ಬಂದರು. ನಾನು ಸೊಪ್ಪು ಬೇಯಿಸಿ ಒಣಗಿಸುವ ನಮ್ಮ ಬ್ಯಾರನ್‌ನ ತೊಲೆಯಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಎಲೆ ಒಂದನ್ನು ಕಿತ್ತು ತಂದೆ. ನೀರೊಲೆಯಿಂದ ಕೆಂಡ ತಂದು ಮಾವನ ಕೈಗೇ ಇಕ್ಕಳ ಕೊಟ್ಟೆ. ನಮ್ಮ ಎಲೆಗೆ ತಾಗಿಸಿದರು. ಕಿಡಿ ಹಿಡಿದು, ಕೆಂಡ ತೆಗೆದ ಮೇಲೂ ಸಣ್ಣಗೆ ಹರಿಯುತ್ತಾ ಹೋಯಿತು. ಚಿಕ್ಕಮಾದಣ್ಣನ ಎಲೆಗೆ ತಾಗಿಸಿದರು. ಕಪ್ಪಗೆ ಮುದುಡಿ ಆರಿಹೋಯಿತು. ತುದಿಗೆ, ಅಂಚಿಗೆ, ನಡುವಿಗೆ, ಮೂರು ಕಡೆ ನೋಡಿದರು. ಮೂರೂ ಕಡೆ ಆರಿತು. ಚಿಕ್ಕಮಾದಣ್ಣ ತಲೆಗೆ ಕೈಹೊತ್ತು, "ಅದ್ಕೇ ಕಣಣ್ಣೋ ಅರಾಜಲ್ಲಿ ನನ್ ಸೊಪ್ನ ಯಾರೂ ಮೂಸ್ ನೋಡ್ನಿಲ್ಲ" ಎಂದರು. ಮಾವ ಆಳುಗಳಿಗೆ ಕಳೆ ತೆಗೆಯಲು ಹೇಳಿ ಮೂಟೆಗಳ ಬಾಯಿ ಹೊಲಿಸಿಬಿಟ್ಟರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಒಬ್ಬಳೇ ನಕ್ಕೆ, ಆಮೇಲೆ ಅತ್ತುಬಿಟ್ಟೆ. ಅತ್ತೆ ಬಂದು ತಲೆ ಸವರಿ ಹೋದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಮುದ್ದೆ ಮುರಿಯದೆ ಕೇಳಿದರು: "ಅಲ್ಲವ್ವ, ಆ ಕ್ಲೋರಿನ್ನು ಎಲೆಗೋದ್ರೆ ಬೆಂಕಿ ಯಾಕ್ ಇಡಿಯಾಕಿಲ್ಲ?" ನಾನು ಪೆಚ್ಚಾದೆ. ಗೊತ್ತಿಲ್ಲ ಮಾವ, ನನ್ನ ಪುಸ್ತಕ ಅಲ್ಲಿಯವರೆಗೆ ಹೋಗುವುದಿಲ್ಲ, ಮುಂದಿನದು ಡಿಗ್ರಿಯಲ್ಲಿ ಇರಬಹುದು ಎಂದೆ. ಹ್ಞೂಂ ಎಂದು ಮುದ್ದೆ ಮುರಿದರು. ಸಂಜೆ ಜಗಲಿಯಲ್ಲಿ ಆ ಸುಟ್ಟ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಲವತ್ತು ವರ್ಷ ಬೆಳೆದ ಸೊಪ್ಪಿನ ಬಗ್ಗೆ ತಮಗೆ ತಿಳಿಯದ್ದೊಂದು ಇದೆ ಎನ್ನುವುದು ಅವರನ್ನು ಕೊರೆಯುತ್ತಿತ್ತು ಎಂದು ಕಾಣುತ್ತದೆ. ನಿನ್ನೆ ಹುಣಸೂರಿಗೆ ಹೋಗಿ ಬಿಳಿ ಪೊಟ್ಯಾಷ್ ತಂದರು, ಇವತ್ತು ಹಾಕಿಸುತ್ತಿದ್ದಾರೆ. ಮೂಟೆ ವಾಪಸ್ಸು ಕಳಿಸಿದ್ದಕ್ಕೆ ಬಸವಮ್ಮನವರಿಗೆ ಸ್ವಲ್ಪ ಮುನಿಸು. ನೀವು ಒಂದು ಕಾರ್ಡ್ ಬರೆದು ಸಮಾಧಾನ ಮಾಡಿ.

ಮೈಮೇಲೆ ಜ್ಞಾನವಿರಲಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಅತ್ತೆ ಮಾವನ ಆಶೀರ್ವಾದ ನಿಮ್ಮ ಮೇಲಿದೆ. ಪುಟ್ಟಿ ಇಲ್ಲಿ ಕೆಳಗೆ ಬರೆದಿರುವುದು ಅವಳ ಹೆಸರಂತೆ, ನೀವು ಹಾಗೇ ಓದಿಕೊಳ್ಳಬೇಕಂತೆ.

ನಿಮ್ಮ
ನೀಲಾಂಬಿಕೆ

ಮರೆತಿದ್ದೆ: ನಿನ್ನೆ ಹುಣಸೂರಿಗೆ ಮಾವ ಒಬ್ಬರೇ ಹೋಗಲಿಲ್ಲ, "ಮಾರ್ಕ್ಸ್ ಕಾರ್ಡ್ ಎತ್ಕಂಡ್ ಬಾ" ಎಂದು ನನ್ನನ್ನೂ ಬಸ್ಸು ಹತ್ತಿಸಿದರು. ಮೊದಲು ಕಾಲೇಜು, ಆಮೇಲೆ ಗೊಬ್ಬರದಂಗಡಿ. ಅರ್ಜಿಗೆ ಗಂಡನ ಸಹಿ ಬೇಕಲ್ಲ ಎಂದು ಗುಮಾಸ್ತರು ಕೇಳಿದ್ದಕ್ಕೆ, "ಅವ್ನು ಗಡೀಲವ್ನೆ, ನಾನ್ ಇಲ್ಲೇ ಇವ್ನಲ್ಲ" ಎಂದು ತಾವೇ ಚನ್ನಬಸವಣ್ಣ ಎಂದು ದಪ್ಪಕ್ಷರದಲ್ಲಿ ಬರೆದರು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಬೆಂಕಿ ಯಾಕ್ ಇಡಿಯಾಕಿಲ್ಲ ಅಂತ ತಿಳ್ಕಂಡ್ ಬಂದ್ ನಂಗ್ ಯೋಳು." ಆದ್ದರಿಂದ ರೀ, ಇದು ಅಪ್ಪಣೆ ಕೇಳುವ ಕಾಗದವಲ್ಲ, ತಿಳಿಸುವ ಕಾಗದ. ಮೂವತ್ತನೇ ತಾರೀಕು ಸೋಮವಾರದಿಂದ ಕ್ಲಾಸು. ನಿಮ್ಮ ಉತ್ತರ ಬರುವ ಹೊತ್ತಿಗೆ ನಾನು ಮನೆಯಲ್ಲಿ ಇರುವುದಿಲ್ಲ, ಬೆಂಚಿನ ಮೇಲೆ ಇರುತ್ತೇನೆ.