ದೋಣಿಯ ತೂಕ

ಜೂನ್ ೧೮, ಮಂಗಳವಾರ

ಆಸ್ಟ್ರಿಯಾದ ಕೆಲಸದ ವಿಷಯ ಅಪ್ಪನಿಗೆ ಹೇಗೆ ಹೇಳುವುದು ಅಂತ ಒಂದು ವಾರದಿಂದ ಒದ್ದಾಡುತ್ತಿದ್ದೆ. ಇವತ್ತು ಹೇಳಿದೆ.

ಮಧ್ಯಾಹ್ನ ಮಾರಿಬೋರ್ ಕಡೆಯ ಹೊಸ ಜೋಡಿಯೊಂದು ಇಡೀ ದೋಣಿ ತಮಗೇ ಬೇಕು ಅಂತ ಬಂತು. ಹತ್ತಿದವರೇ ಒಂದೇ ಪಕ್ಕದಲ್ಲಿ ಅಂಟಿಕೊಂಡು ಕೂತರು. ನಮ್ಮ ಬ್ಲೆಡ್ ಕೆರೆಯ ದೋಣಿಗೆ ಅದು ಆಗಿಬರುವುದಿಲ್ಲ. ಎರಡೂ ಪಕ್ಕ ತೂಕ ಸಮ ಇರಬೇಕು, ಇಲ್ಲದಿದ್ದರೆ ವಾಲುತ್ತದೆ. ಎದುರುಬದುರು ಕೂರಿ ಅಂತ ನಾನಂದರೆ ಹುಡುಗಿ ಮುಖ ಸಣ್ಣ ಮಾಡಿದಳು. ದಡದಲ್ಲಿದ್ದ ಅಪ್ಪ ಹತ್ತಿ ಬಂದು ಅವರ ಎದುರಿಗೆ ಕೂತುಬಿಟ್ಟ.

"ದೋಣಿ ಬಾಡಿಗೆಗೆ ತಗೊಂಡ್ರೆ ಮಾವನೂ ಜೊತೆಗೆ ಬರ್ತಾನಾ?" ಅಂದ ಹುಡುಗ.

"ನನ್ನನ್ನ ಹಿಟ್ಟಿನ ಮೂಟೆ ಅಂದ್ಕೊಳ್ಳಪ್ಪ. ಮೂಟೆಗೆ ಕಣ್ಣಿರಲ್ಲ."

ಕೆರೆ ನಡುವಿನ ದ್ವೀಪ ಮುಟ್ಟುವವರೆಗೂ ಅಪ್ಪ ನಿಜವಾಗಿಯೂ ಕಣ್ಣು ಮುಚ್ಚಿಕೊಂಡಿದ್ದ. ಅವರು ಅಲ್ಲಿನ ಇಗರ್ಜಿಯ ಗಂಟೆ ಬಾರಿಸಿ ಬಂದರು, ವಾಪಸ್ ದಡ ಮುಟ್ಟಿದ ಮೇಲೆ ನಗುತ್ತ ಇಳಿದು ಹೋದರು.

ಆಮೇಲೆ ದೋಣಿ ಕಟ್ಟುವ ಜಾಗಕ್ಕೆ ಹೊರಟಾಗ ನಾವಿಬ್ಬರೇ. ನಾನು ಹಿಂದೆ ನಿಂತು ಹುಟ್ಟು ಹಾಕುತ್ತಿದ್ದೆ. ಅಪ್ಪ ಇನ್ನೂ ಅದೇ ಪಕ್ಕದಲ್ಲಿ ಕೂತಿದ್ದ.

"ಅಪ್ಪಾ, ಸೆಪ್ಟೆಂಬರ್‌ಗೆ ಆಸ್ಟ್ರಿಯಾಕ್ಕೆ ಹೋಗ್ತೀನಿ. ಕಾರ್ಖಾನೆ ಕೆಲಸ ಸಿಕ್ಕಿದೆ."

"ನಿನ್ನ ಬಿಟ್ರೆ ನಮ್ಮನೇಲಿ ಹುಟ್ಟು ಹಿಡಿಯೋರು ಇನ್ಯಾರೋ ಗಾಷ್ಪರ್?"

ಬೈಯುತ್ತಾನೆ ಅಂತ ಕಾದೆ. ಅವನು ನಿಧಾನಕ್ಕೆ ಎದ್ದು, ಸೊಂಟ ಹಿಡಿದುಕೊಂಡು, ದೋಣಿಯ ನಟ್ಟನಡುವೆ ಹೋಗಿ ಕೂತ.

"ಯಾಕಪ್ಪಾ?"

"ಒಬ್ಬನೇ ಆದ್ಮೇಲೆ ನಡುವೆ ಕೂರಬೇಕು ಕಣೋ. ಆಗ ವಾಲಲ್ಲ."

ನಾನು ಹುಟ್ಟು ಹಾಕಿದೆ. ದೋಣಿ ನೆಟ್ಟಗೇ ಹೋಯಿತು.